ಹೊಸ ವಿಂಡೋಸ್ ಬಂತು, ಹಳೆಯ ಕನ್ನಡ ಕಡತಗಳ ಗತಿ ಏನು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು. ಸುದ್ದಿ ಓದಿದಾಗ ಇದು ಹೈದರಾಬಾದಿನ ಹೈಟೆಕ್ ಸಿಟಿಯವರ ತಲೆನೋವು, ನಮಗೇನು ಎಂದುಕೊಂಡಿದ್ದೆವು. ಆದರೆ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್, ತಾಂಡೂರಿನ ಶಾಲೆಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ, ಸಂಘದ ಕೋಣೆಗಳಲ್ಲಿ ನಾವು ಕಂಡ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 10ರವೇ. ನಮ್ಮ ಕೋಣೆಯಲ್ಲಿರುವುದು ಎರಡು. ಒಂದಕ್ಕೆ ವಿಂಡೋಸ್ 11 ಹಾಕಿಸಿದ್ದೇವೆ, ಇನ್ನೊಂದು ಹಾಗೆಯೇ ಇದೆ. ಕೆಲವು ವಾರಗಳ ಅನುಭವ ಇಲ್ಲಿ ಬರೆಯುತ್ತಿದ್ದೇವೆ.

ಹಾಗೆಯೇ ಉಳಿದದ್ದಕ್ಕೆ ಕಾರಣ ಸರಳ. ವಿಂಡೋಸ್ 11 ಬೇಕೆಂದರೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದೋ ಅದರ ಮುಂದಿನದೋ ಆಗಿರಬೇಕು. ಆ ತಲೆಮಾರು ಬಂದದ್ದೇ 2017ರಲ್ಲಿ. ಅದಕ್ಕೂ ಮೊದಲು ಕೊಂಡದ್ದು, ಬೀದರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಆದರೆ ಒಂದು ಮಾತು: ಕೆಲವು ಕಂಪ್ಯೂಟರ್‌ಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. "ಇದು ಆಗೂದಿಲ್ಲ, ಹೊಸದು ತಗೋರಿ" ಎಂದು ಅಂಗಡಿಯವರು ಹೇಳಿದ ಕೂಡಲೇ ಹಣ ಬಿಚ್ಚಬೇಡಿ. ಮೈಕ್ರೋಸಾಫ್ಟ್‌ನ ಉಚಿತ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿ.

ನಾವು ನಿಜವಾಗಿ ಪೆಟ್ಟು ತಿಂದದ್ದು ಕನ್ನಡದ ವಿಷಯದಲ್ಲಿ. ಹೊಸ ವಿಂಡೋಸ್ ಬಂದ ಮೇಲೆ ಹಳೆಯ ಮನವಿ ಪತ್ರವೊಂದನ್ನು ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ಇದ್ದದ್ದೇ ಚೊಲೊ ಇತ್ತಲ್ರೀ" ಎಂದರು ನಮ್ಮ ಖಜಾಂಚಿಯವರು. ವಿಂಡೋಸ್ 11 ಕನ್ನಡವನ್ನು ನುಂಗಿತು ಎಂದು ನಮ್ಮಲ್ಲಿ ಒಬ್ಬಿಬ್ಬರು ಎರಡು ದಿನ ವಾದವನ್ನೂ ಮಾಡಿದರು. ತಪ್ಪು ವಿಂಡೋಸಿನದಲ್ಲ, ನಮ್ಮದು. ಆ ಪತ್ರಗಳನ್ನು ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದೆವು. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ರೂಪ ಹೊದಿಸುತ್ತದೆ. ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಸಿದಾಗ ಫಾಂಟ್ ಹೋಯಿತು, ಹೊದಿಕೆ ಕಳಚಿತು. 10ರ ಮೇಲೆಯೇ 11 ಹಾಕಿಸಿದ್ದರೆ ಫಾಂಟ್‌ಗಳು ಉಳಿಯುತ್ತಿದ್ದವು. ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಯೂನಿಕೋಡ್‌ನಲ್ಲಿ ಬರೆದದ್ದು ಹೀಗೆ ಕಳೆದುಹೋಗುವುದಿಲ್ಲ. ಅಲ್ಲಿಯೂ ಸಣ್ಣ ಕಿರಿಕಿರಿ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದ್ದ ತುಂಗಾ ಫಾಂಟ್ ಈಗ ತಾನಾಗಿ ಬರುವುದಿಲ್ಲ, ಐಚ್ಛಿಕ ಸೌಲಭ್ಯವಾಗಿ ಸೇರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ನಿರ್ಮಲಾ ಫಾಂಟ್‌ನಲ್ಲಿ ತೋರಿಸುತ್ತದೆ, ಒಂದು ಪುಟದ ಪತ್ರ ಎರಡನೇ ಪುಟಕ್ಕೆ ಜಾರುತ್ತದೆ. ಓದಲಂತೂ ಅಡ್ಡಿಯಿಲ್ಲ.

ಇದೆಲ್ಲ ಯಾಕೆ ದೊಡ್ಡ ವಿಷಯ ಎಂದರೆ, ನಮ್ಮ ಕನ್ನಡದ ಕಾಗದಗಳಿಗೆ ಬೇರೆ ಪ್ರತಿ ಇಲ್ಲ. ಕನ್ನಡ ಶಿಕ್ಷಕರನ್ನು ಕೊಡಿ ಎಂದು ಬರೆದ ಪತ್ರಗಳು, ಕನ್ನಡ ಮಾಧ್ಯಮದ ಮಕ್ಕಳ ಪಟ್ಟಿಗಳು, ರಾಜ್ಯೋತ್ಸವದ ಲೆಕ್ಕ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ. 2016ರ ಅಕ್ಟೋಬರ್‌ನಲ್ಲಿ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್ ಮೆದಕ್ ಜಿಲ್ಲೆಯಿಂದ ಸಂಗಾರೆಡ್ಡಿಗೆ, ತಾಂಡೂರು ರಂಗಾರೆಡ್ಡಿಯಿಂದ ವಿಕಾರಾಬಾದಿಗೆ ಸೇರಿದವು. ಅದಕ್ಕೂ ಹಿಂದಿನ ಮನವಿಗಳು ಹಳೆಯ ಜಿಲ್ಲಾ ಕೇಂದ್ರಕ್ಕೆ ಹೋದಂಥವು. ಹೊಸ ಅಧಿಕಾರಿಯ ಮುಂದೆ "ಇದನ್ನು ಇಂಥ ವರ್ಷವೇ ಕೇಳಿದ್ದೆವು" ಎನ್ನಬೇಕಾದರೆ ತೋರಿಸಲು ನಮ್ಮ ಕಡತವೊಂದೇ ಆಧಾರ. ತೆಲಂಗಾಣದ ಕಚೇರಿ ಕನ್ನಡ ಪ್ರತಿ ಕಾಪಾಡೀತು ಎಂದು ಕಾಯುವುದು ಬೇಡ, ಕರ್ನಾಟಕದಲ್ಲಂತೂ ಆ ಕಾಗದ ಇರುವುದೇ ಇಲ್ಲ.

ಹಳೆಯ ಕಡತವನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ನಾವು ನಲವತ್ತು ಕಡತ ಬದಲಿಸಿದ್ದೇವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪಾಗಿದೆ. ಪತ್ರವಾದರೆ ನಡೆದೀತು, ಮಕ್ಕಳ ಹೆಸರಿನ ಪಟ್ಟಿಯಲ್ಲಿ ನಡೆಯದು. ಒಬ್ಬರು ಓದಿ ಒಬ್ಬರು ತಾಳೆ ನೋಡಬೇಕು. ಮೂಲ ಕಡತವನ್ನೂ ಅಳಿಸಬೇಡಿ.

ಇನ್ನೊಂದು ತಪ್ಪು ತಡವಾಗಿ ಕಣ್ಣಿಗೆ ಬಿತ್ತು. ವಿಂಡೋಸ್ 11 ಹೊಸದಾಗಿ ಹಾಕುವಾಗ ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ನಮ್ಮಲ್ಲಿ ರಿಪೇರಿಗೆ ಬಂದ ಹುಡುಗ ತನ್ನ ಫೋನ್ ನಂಬರಿನಲ್ಲೇ ಅಕೌಂಟ್ ತೆರೆದು ಹೋಗಿದ್ದ. ಈಗಿನ ಆವೃತ್ತಿಯಲ್ಲಿ ಅಕೌಂಟ್ ಸೇರಿಸಿದರೆ ಹಲವು ಕಂಪ್ಯೂಟರ್‌ಗಳ ಡಿಸ್ಕ್‌ಗೆ ತಾನಾಗಿ ಬೀಗ ಬೀಳುತ್ತದೆ, ಬೀಗದ ಕೀ ಆ ಅಕೌಂಟಿನಲ್ಲಿ ಉಳಿಯುತ್ತದೆ. ಅಂದರೆ ನಮ್ಮ ಕಪಾಟಿನ ಕೀ ಅವನ ಜೇಬಿನಲ್ಲಿ! ಅವನು ಒಳ್ಳೆಯ ಹುಡುಗ, ಕರೆದ ಕೂಡಲೇ ಬಂದು ಸರಿಮಾಡಿಕೊಟ್ಟ. ಊರು ಬಿಟ್ಟು ಹೋಗಿದ್ದರೆ? ಕಾರ್ಯದರ್ಶಿ ಬದಲಾಗುತ್ತಲೇ ಇರುವ ಸಂಘಗಳಿಗೆ ನಮ್ಮ ಸಲಹೆ: ಅಕೌಂಟ್ ಸಂಘದ ಹೆಸರಿನಲ್ಲಿರಲಿ, ರಿಕವರಿ ಕೀ ಕಾಗದದ ಮೇಲೆ ಬರೆದು ರಸೀದಿ ಪುಸ್ತಕದ ಜೊತೆ ಇಡಿ.

ಹೊಸ ಕಂಪ್ಯೂಟರ್ ಕೊಳ್ಳಲಾಗದವರಿಗೆ ದಾರಿಗಳಿವೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಅಪ್‌ಡೇಟ್ ಸಿಗುತ್ತದೆ. ಸೆಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ಹಣ ಕೊಡಬೇಕಾಗಿಲ್ಲ. ಸಂಸ್ಥೆಗಳಿಗೆ ಮೊದಲ ವರ್ಷ ಒಂದಕ್ಕೆ 61 ಡಾಲರ್, ನಂತರ ಪ್ರತಿ ವರ್ಷ ದುಪ್ಪಟ್ಟು. ನಮ್ಮಂಥವರಿಗೆ ದುಬಾರಿ. ಶಾಲೆಗಳಿಗೆ ಮಾತ್ರ ಮೊದಲ ವರ್ಷ 1 ಡಾಲರ್, ಮುಖ್ಯೋಪಾಧ್ಯಾಯರು ವಿಚಾರಿಸಬೇಕು. ಮೂರನೆಯದು ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಕೈಟ್ ಸಂಸ್ಥೆ ಕೊಡುವ ಲಿನಕ್ಸ್‌ನಲ್ಲೇ ಐಸಿಟಿ ಪಾಠ ಕಲಿಯುತ್ತಾರೆ. ನಮ್ಮ ಹಳೆಯ ಕಂಪ್ಯೂಟರಿಗೂ ಅದೇ ಜಾತಿಯದನ್ನು ಹಾಕಿ ನೋಡಬೇಕೆಂದಿದ್ದೇವೆ. ಅದರಲ್ಲಿ ಕಗಪ ಕೀಲಿಮಣೆ ಇದೆ, ನುಡಿ ಬಲ್ಲವರ ಬೆರಳಿಗೆ ಹೊಸತಲ್ಲ. ಪ್ರಿಂಟರ್ ಒಪ್ಪಿದರೆ ಸಾಕು.

ನುಡಿ, ಬರಹದ ಹಳೆಯ ಕಡತ ಇರುವವರು ಮುಂದಿನ ತಿಂಗಳ ಸಭೆಗೆ ಬರುವಾಗ ಪೆನ್‌ಡ್ರೈವ್‌ನಲ್ಲಿ ತನ್ನಿ. ಸಭೆ ಮುಗಿದ ಮೇಲೆ ಅಲ್ಲೇ ಕುಳಿತು ಬದಲಿಸಿ ಕೊಡುತ್ತೇವೆ. ಹಳೆಯ ಫಾಂಟ್‌ಗಳ ಫೋಲ್ಡರ್ ಯಾರ ಬಳಿಯಾದರೂ ಇದ್ದರೆ ಅದನ್ನೂ ಮರೆಯದೆ ತನ್ನಿ, ನಮಗೆ ಎರಡು ಫಾಂಟ್ ಇನ್ನೂ ಸಿಕ್ಕಿಲ್ಲ.