ಬೀಗ ಹಾಕುವ ಮೊದಲು ಬೆಕ್ಕು ಎಲ್ಲಿದೆ ನೋಡಿ

ಚಂದ್ರ ಕಂಡ ಸುದ್ದಿ ಬಂದ ಕೂಡಲೇ ಅಂಗಳದಲ್ಲಿ ಪಟಾಕಿ ಶುರು. ಬೆಕ್ಕಿನ ಕಿವಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ. ಕಳೆದ ಪೆರ್ನಾಲ್‌ಗೆ ನಮ್ಮ ಮನೆಯದ್ದು ಹೆದರಿ ಅಟ್ಟ ಸೇರಿತ್ತು. ನಾವು ನೋಡದೆ ಬೀಗ ಹಾಕಿ ಹೆಂಡತಿಯ ತವರಿಗೆ ಹೋದೆವು. ಮರುದಿನ ಸಂಜೆ ಬಂದಾಗ ಬಾಗಿಲ ಹಿಂದೆ ಕೂತಿತ್ತು, ಕೂಗಲೂ ಸ್ವರ ಇರಲಿಲ್ಲ. ಬೆಕ್ಕನ್ನು ಕೂಡಿಹಾಕಿ, ತಿನ್ನಲು ಕೊಡದೆ, ಹೊರಗೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋದ ಹದೀಸನ್ನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವನು ನಾನೇ! ಪೆರ್ನಾಲ್ ರಾತ್ರಿಗೆ ತಕ್ಬೀರ್ ಸುನ್ನತ್, ಪಟಾಕಿ ಅಲ್ಲ. ಬಿರಿಯಾನಿಯ ಕೋಳಿ ಎಲುಬನ್ನೂ ಹಾಕಬೇಡಿ. ಬೆಂದ ಎಲುಬು ಚೂಪಾಗಿ ಒಡೆದು ಗಂಟಲಿಗೆ ಚುಚ್ಚುತ್ತದೆ. ಹೊರಡುವ ಮೊದಲು ಅಟ್ಟ, ಮಂಚದಡಿ ಒಮ್ಮೆ ನೋಡಿ. ಅನ್ನ, ನೀರು ಇಡಲು ನೆರೆಮನೆಯವರಿಗೆ ಹೇಳಿ ಹೋಗಿ.