ಪ್ರವಾಹ ತಡೆಗೆ ಸರ್ಕಾರದ ಹಣ: ಮನೆಯವರೇ ನೇರವಾಗಿ ಅರ್ಜಿ ಹಾಕಬಹುದೇ?

‘ಪ್ರವಾಹ, ಭೂಕುಸಿತದಿಂದ ಮನೆ ಕಾಪಾಡಿಕೊಳ್ಳಲು ಸರ್ಕಾರ ಪ್ರತಿ ಕುಟುಂಬಕ್ಕೆ ಹಣ ಕೊಡುತ್ತಿದೆ. ಇಂದೇ ಕೊನೆಯ ದಿನ. ಲಿಂಕ್ ಒತ್ತಿ ಆಧಾರ್ ನಂಬರ್ ಹಾಕಿ.’ ಇಂಥದೊಂದು ಮೆಸೇಜ್ ನಿಮ್ಮ ವಾಟ್ಸಾಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ವಿಪತ್ತು ತಡೆಗೆಂದು ಸರ್ಕಾರದ ನಿಧಿ ಇರುವುದು ನಿಜ. ಆದರೆ ಅದು ಕೆಲಸ ಮಾಡುವ ರೀತಿ ಬೇರೆ.

ಎರಡು ನಿಧಿ, ಎರಡು ಉದ್ದೇಶ

ವಿಪತ್ತು ನಿರ್ವಹಣಾ ಕಾಯ್ದೆ 2005ರಲ್ಲಿ ಎರಡು ಬಗೆಯ ನಿಧಿಗಳಿವೆ. ಮೊದಲನೆಯದು ಎಸ್‌ಡಿಆರ್‌ಎಫ್. ಅನಾಹುತ ಆದಾಗ ಪರಿಹಾರ ಸಿಗುವುದು ಇದರಿಂದ. 2022-26ರ ಕೇಂದ್ರದ ನಿಯಮದಂತೆ ವಿಪತ್ತಿನಲ್ಲಿ ಜೀವ ಹೋದರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ. ರಾಜ್ಯ ಸರ್ಕಾರ ಬೇಕಾದರೆ ತನ್ನ ಬೊಕ್ಕಸದಿಂದ ಇನ್ನಷ್ಟು ಸೇರಿಸಬಹುದು.

ಎರಡನೆಯದು ಎಸ್‌ಡಿಎಂಎಫ್, ಅಂದರೆ ರಾಜ್ಯ ವಿಪತ್ತು ಉಪಶಮನ ನಿಧಿ. ಇದು ಅನಾಹುತ ಆಗುವ ಮೊದಲೇ ಅಪಾಯ ತಗ್ಗಿಸಲು ಇರುವ ಹಣ. 15ನೇ ಹಣಕಾಸು ಆಯೋಗ 2021-26ಕ್ಕೆ ಎಲ್ಲ ರಾಜ್ಯಗಳಿಗೆ ಸೇರಿ 1,60,153 ಕೋಟಿ ರೂಪಾಯಿ ನಿಗದಿ ಮಾಡಿತು. ಅದರಲ್ಲಿ ಶೇ 80 ಎಸ್‌ಡಿಆರ್‌ಎಫ್‌ಗೆ, ಶೇ 20 ಎಸ್‌ಡಿಎಂಎಫ್‌ಗೆ. ಕರ್ನಾಟಕದಂಥ ರಾಜ್ಯಗಳಲ್ಲಿ ಈ ಹಣದ ಶೇ 75ರಷ್ಟನ್ನು ಕೇಂದ್ರ, ಉಳಿದದ್ದನ್ನು ರಾಜ್ಯ ಭರಿಸುತ್ತದೆ.

ಯಾವ ಕೆಲಸಕ್ಕೆ ಹಣ ಸಿಗುತ್ತದೆ?

ಇಲ್ಲಿ ಅರ್ಹತೆ ನೋಡುವುದು ಕಾಮಗಾರಿಯದ್ದು, ಕುಟುಂಬದ್ದಲ್ಲ. ಮುಖ್ಯವಾಗಿ ಎರಡು ಪ್ರಶ್ನೆಗಳಿವೆ.

1. ಆ ಅಪಾಯ ಸರ್ಕಾರದ ಪಟ್ಟಿಯಲ್ಲಿದೆಯೇ? ಪ್ರವಾಹ, ಬರ, ಚಂಡಮಾರುತ, ಭೂಕಂಪ, ಭೂಕುಸಿತ, ಆಲಿಕಲ್ಲು ಮಳೆ, ಬೆಂಕಿ ಅನಾಹುತ ಮುಂತಾದವು ಕೇಂದ್ರದ ಪಟ್ಟಿಯಲ್ಲಿವೆ. ರಾಜ್ಯ ತನ್ನದೇ ಸ್ಥಳೀಯ ವಿಪತ್ತುಗಳನ್ನೂ ಘೋಷಿಸಬಹುದು.

2. ಕೆಲಸ ಊರಿನ ಮಟ್ಟದ್ದೇ? ಸ್ಥಳೀಯ, ಸಮುದಾಯ ಸೇರಿ ಮಾಡುವ, ಪರಿಸರಕ್ಕೆ ಹೊಂದುವ ಕೆಲಸಗಳಿಗೆ ಈ ನಿಧಿ. ಕುಸಿಯುವ ಗುಡ್ಡದ ಇಳಿಜಾರಿನಲ್ಲಿ ಗಿಡ, ಹುಲ್ಲು ಬೆಳೆಸಿ ಮಣ್ಣು ಹಿಡಿಸುವುದು ಇಂಥ ಕೆಲಸ. ಸಮುದ್ರಕ್ಕೆ ತಡೆಗೋಡೆ, ನದಿಗೆ ದೊಡ್ಡ ಒಡ್ಡು ಕಟ್ಟುವಂಥವನ್ನು ಇಲಾಖೆಗಳ ಸಾಮಾನ್ಯ ಯೋಜನೆಗಳಲ್ಲೇ ಮಾಡಬೇಕು ಎಂದಿದೆ ಆಯೋಗ. ಇರುವ ಸ್ವಲ್ಪ ಹಣವನ್ನು ಒಂದೆರಡು ದೊಡ್ಡ ಕಾಮಗಾರಿಗಳೇ ನುಂಗಿಬಿಟ್ಟರೆ ಸಣ್ಣ ಊರುಗಳಿಗೆ ಏನೂ ಉಳಿಯುವುದಿಲ್ಲ.

ಹಾಗಾದರೆ ಬೆಂಗಳೂರಿನ ಕಥೆ ಏನು ಎಂದು ನೀವು ಕೇಳಬಹುದು. ಅದು ರಾಷ್ಟ್ರ ಮಟ್ಟದ ಉಪಶಮನ ನಿಧಿಯ ವಿಷಯ. ಅದರಲ್ಲಿ ಏಳು ಮಹಾನಗರಗಳ ಪ್ರವಾಹ ತಡೆಗೆ 2,500 ಕೋಟಿ ರೂಪಾಯಿಯನ್ನು ಆಯೋಗ ಬೇರೆಯಾಗಿ ಶಿಫಾರಸು ಮಾಡಿತ್ತು. ಬೆಂಗಳೂರಿನ ಪಾಲು 250 ಕೋಟಿ.

ನಾವೇನು ಮಾಡಬಹುದು?

ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಪ್ರಾಧಿಕಾರ ಇರುತ್ತದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಯಾವ ಊರಿಗೆ ಯಾವ ಅಪಾಯ, ಅದನ್ನು ತಗ್ಗಿಸಲು ಏನು ಮಾಡಬೇಕು ಎಂಬ ಜಿಲ್ಲಾ ಯೋಜನೆಯನ್ನು ಈ ಪ್ರಾಧಿಕಾರ ಸಿದ್ಧಪಡಿಸಿ, ಪ್ರತಿ ವರ್ಷ ಪರಿಷ್ಕರಿಸಬೇಕು. ನಿಮ್ಮ ಊರಿನ ಗುಡ್ಡವೋ ಹಳ್ಳವೋ ಆ ಕಡತದಲ್ಲಿ ಇಲ್ಲದಿದ್ದರೆ ಅದರ ಪ್ರಸ್ತಾವನೆ ಮುಂದೆ ಹೋಗುವುದು ಕಷ್ಟ.

ಆದ್ದರಿಂದ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಪ್ರತಿ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂತು, ಮಣ್ಣು ಎಲ್ಲಿ ಬಿರುಕು ಬಿಟ್ಟಿತು ಎಂಬ ಫೋಟೊಗಳನ್ನು ದಿನಾಂಕ ಸಮೇತ ಇಟ್ಟುಕೊಳ್ಳಿ. ಪಂಚಾಯಿತಿಯ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ಇದಕ್ಕೆ ಓಟಿಪಿ ಬೇಡ, ಬ್ಯಾಂಕ್ ವಿವರವೂ ಬೇಡ. ಲಿಂಕ್ ಒತ್ತಿ ಈಗಾಗಲೇ ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಮಳೆ, ಪ್ರವಾಹದ ತುರ್ತು ಇದ್ದರೆ ಜಿಲ್ಲಾ ಸಹಾಯವಾಣಿ 1077.

ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ, ಮುಂದಿನ ಗ್ರಾಮಸಭೆ ಯಾವಾಗ ಎಂಬುದನ್ನು ತಿಳಿದು ಊರಿನ ಗುಂಪಿಗೆ ಕಳಿಸಿ.