ವಿಷ ಹಿಂಡಿ ಉಣ್ಣುವ ಊರು

ಬ್ರೆಜಿಲ್ ದೇಶದ ಭೂಪಟ ಬಿಡಿಸಿ, ಅಮೆಜಾನ್ ನದಿ ಅಟ್ಲಾಂಟಿಕ್ ಸಾಗರ ಸೇರುವ ಜಾಗದಲ್ಲಿ ಬೆರಳಿಡಿ. ಸಮಭಾಜಕ ವೃತ್ತದಿಂದ ಸುಮಾರು ಒಂದೂವರೆ ಡಿಗ್ರಿ ದಕ್ಷಿಣಕ್ಕೆ ಬೆಲೆಮ್ ಎಂಬ ಊರು ಕಾಣುತ್ತದೆ. ಪೋರ್ಚುಗೀಸರು 1616ರಲ್ಲಿ ಕೋಟೆ ಕಟ್ಟಿ ನೆಲೆಯೂರಿದ ನದಿಬಂದರು ಇದು. ಈಗ ಜನಸಂಖ್ಯೆ ಸುಮಾರು 13 ಲಕ್ಷ. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ 2025ರ ನವೆಂಬರ್‌ನಲ್ಲಿ ನಡೆದದ್ದು ಇಲ್ಲಿಯೇ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು. ಬಹುತೇಕ ದಿನ ಮಧ್ಯಾಹ್ನ ಮಳೆ ತಪ್ಪುವುದಿಲ್ಲವಾದ್ದರಿಂದ, 'ಮಳೆಗೆ ಮೊದಲು ಸಿಗೋಣವೋ, ಮಳೆ ನಿಂತ ಮೇಲೋ' ಎಂದು ಕೇಳುವುದು ಅಲ್ಲಿಯವರ ಹಳೆಯ ತಮಾಷೆ.

ದಕ್ಷಿಣದ ಸಾವೊಪೌಲೊ ನಗರದಿಂದ ಒಬ್ಬ ಬ್ಯಾಂಕ್ ನೌಕರ ಮತ್ತು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಆತನ ಹೆಂಡತಿ, ಮೂರು ದಿನದ ರಜೆ ಹಾಕಿ ಈ ಊರಿಗೆ ಬಂದರೆಂದು ಊಹಿಸಿಕೊಳ್ಳಿ. ದೇಶ ಒಂದೇ ಆದರೂ ಎರಡು ಊರುಗಳ ನಡುವೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್. ಅವರಿಗೂ ಇಲ್ಲಿನ ಊಟ ಹೊಸದೇ.

ಮೊದಲ ದಿನ ಊರು ನೋಡುತ್ತಾರೆ. ಬೀದಿಯ ಇಕ್ಕೆಲಗಳಲ್ಲೂ ದೊಡ್ಡ ದೊಡ್ಡ ಮಾವಿನ ಮರಗಳು. ಬೆಲೆಮ್‌ಗೆ 'ಮಾವಿನ ಮರಗಳ ನಗರ' ಎಂದೇ ಹೆಸರು. ಮಾವು ಮೂಲತಃ ನಮ್ಮ ಕಡೆಯದು. ಪೋರ್ಚುಗೀಸರ ಹಡಗುಗಳು ಅದನ್ನು ಬ್ರೆಜಿಲ್‌ಗೆ ಮುಟ್ಟಿಸಿದವು. ಅದೇ ಪೋರ್ಚುಗೀಸರು ಬ್ರೆಜಿಲ್‌ನ ಗೇರನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ರಬ್ಬರ್ ವ್ಯಾಪಾರದ ಹಣ ಊರಿಗೆ ಹರಿದುಬರತೊಡಗಿದ್ದ ಕಾಲದಲ್ಲಿ, 1878ರಲ್ಲಿ ಬಾಗಿಲು ತೆರೆದ 'ಶಾಂತಿ ರಂಗಮಂದಿರ' ಇಂದಿಗೂ ನಿಂತಿದೆ. ಅದನ್ನು ನೋಡಿ ಹೊರಬರುವಷ್ಟರಲ್ಲಿ ಮಳೆ ಬಂದು ಹೋಗಿರುತ್ತದೆ. ಬೀದಿಬದಿಯ ಗಾಡಿಗಳಲ್ಲಿ 'ತಕಕಾ' ಮಾರಾಟ ಶುರುವಾಗುವ ಹೊತ್ತು.

ಬುರುಡೆಯ ಬಟ್ಟಲಿನಲ್ಲಿ ಕೊಡುವ ಬಿಸಿಬಿಸಿ ಸಾರು ಈ ತಕಕಾ. ಹುಳಿಯಾದ ಹಳದಿ ರಸ, ಅಂಟಂಟಾದ ಗಂಜಿ, ಒಣ ಸಿಗಡಿ, 'ಜಂಬು' ಎಂಬ ಸೊಪ್ಪು. ಬಟ್ಟಲನ್ನು ತುಟಿಗಿಟ್ಟು ಹೀರಬೇಕು. ಎರಡು ಗುಟುಕು ಇಳಿಯುವಷ್ಟರಲ್ಲಿ ಗಂಡ ಗಾಬರಿಯಾಗಿ ತುಟಿ ಮುಟ್ಟಿ ನೋಡಿಕೊಳ್ಳುತ್ತಾನೆ. ನಾಲಿಗೆ ಜುಮುಜುಮು ಎಂದು ಮರಗಟ್ಟಿದೆ! ಇದು ಜಂಬು ಸೊಪ್ಪಿನಲ್ಲಿರುವ ಸ್ಪಿಲಾಂಥಾಲ್ ಎಂಬ ರಾಸಾಯನಿಕದ ಕೆಲಸ. ಇದರ ಹತ್ತಿರದ ಸಂಬಂಧಿ ಗಿಡದ ಹೂವನ್ನು ನಮ್ಮಲ್ಲೂ ಹಲ್ಲುನೋವಿಗೆ ಜಗಿಯುವುದುಂಟು. ಹೆದರಬೇಕಾದದ್ದೇನೂ ಇಲ್ಲ, ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ.

ಹೆಂಡತಿಯ ಗಮನವೆಲ್ಲ ಹಳದಿ ರಸದ ಮೇಲೆ. "ಇದನ್ನು ಎಷ್ಟು ಹೊತ್ತು ಕುದಿಸುತ್ತೀರಮ್ಮ?" ಎಂದು ಗಾಡಿಯಾಕೆಯನ್ನು ಕೇಳುತ್ತಾಳೆ.

"ಗಂಟೆಗಟ್ಟಲೆ. ನಮ್ಮಮ್ಮ ಕುದಿಸುತ್ತಿದ್ದಷ್ಟು ಹೊತ್ತು," ಎನ್ನುತ್ತಾಳೆ ಆಕೆ.

ಈ ಉತ್ತರದಲ್ಲಿ ಒಂದು ಇಡೀ ರಸಾಯನಶಾಸ್ತ್ರದ ಪಾಠವಿದೆ. ಆ ರಸದ ಹೆಸರು 'ತುಕುಪಿ'. ಅದು ಕಹಿ ಮರಗೆಣಸಿನಿಂದ ಹಿಂಡಿದ್ದು. ಹಸಿಯಾಗಿ ಕುಡಿದರೆ ಪ್ರಾಣವೇ ಹೋಗಬಹುದು!

ಮರಗೆಣಸಿನಲ್ಲಿ ಲಿನಮಾರಿನ್ ಎಂಬ ಪದಾರ್ಥವಿದೆ. ಅದನ್ನು ಒಡೆಯುವ ಕಿಣ್ವವೂ ಅದೇ ಗೆಡ್ಡೆಯಲ್ಲಿದೆ. ಆದರೆ ಎರಡೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಹೆಗ್ಗಣವೋ ಹುಳುವೋ ಕಚ್ಚಿದಾಗ ಜೀವಕೋಶಗಳು ಒಡೆದು ಎರಡೂ ಬೆರೆಯುತ್ತವೆ. ಕೊನೆಗೆ ಹೈಡ್ರೊಜನ್ ಸಯನೈಡ್ ಹೊರಬರುತ್ತದೆ. ಗಿಡದ ಆತ್ಮರಕ್ಷಣೆಯ ಉಪಾಯವಿದು. ಅಮೆಜಾನಿನ ಮೂಲನಿವಾಸಿಗಳು ಈ ಉಪಾಯವನ್ನೇ ಗಿಡದ ಮೇಲೆ ತಿರುಗಿಸಿದರು. ಗೆಡ್ಡೆಯನ್ನು ತುರಿದರೆ ವಿಷವೆಲ್ಲ ಒಮ್ಮೆಲೇ ಬಿಡುಗಡೆಯಾಗತೊಡಗುತ್ತದೆ. ಆ ತುರಿಯನ್ನು 'ತಿಪಿತಿ' ಎಂಬ ಹೆಣೆದ ಉದ್ದನೆಯ ಚೀಲಕ್ಕೆ ತುಂಬಿ, ಮೇಲ್ತುದಿಯನ್ನು ಕೊಂಬೆಗೆ ಕಟ್ಟಿ, ಕೆಳತುದಿಗೆ ಭಾರ ಹಾಕುತ್ತಾರೆ. ಓರೆಯಾಗಿ ಹೆಣೆದ ಚೀಲ ಉದ್ದವಾದಷ್ಟೂ ಸಪೂರವಾಗುತ್ತದೆ. ಒಳಗಿನ ತುರಿಯನ್ನು ಹಿಂಡಿ ರಸ ಇಳಿಸುತ್ತದೆ. ರಸದ ತಳದಲ್ಲಿ ಕೂತ ಪಿಷ್ಟವೇ ತಕಕಾದ ಗಂಜಿ. ಮೇಲಿನ ತಿಳಿಯನ್ನು ಕುದಿಸಬೇಕು. ಹೈಡ್ರೊಜನ್ ಸಯನೈಡ್‌ನ ಕುದಿಬಿಂದು ಸುಮಾರು 26 ಡಿಗ್ರಿ ಸೆಲ್ಸಿಯಸ್ ಮಾತ್ರ. ತೆರೆದ ಪಾತ್ರೆಯಲ್ಲಿ ಕುದಿಸುತ್ತ ಹೋದರೆ ವಿಷ ಗಾಳಿಗೆ ಹಾರಿಹೋಗುತ್ತದೆ, ರುಚಿ ಉಳಿಯುತ್ತದೆ. ಇದೇ ಗಿಡದ ಎಲೆಯನ್ನು ಅರೆದು ಮಾಡುವ 'ಮನಿಸೋಬಾ'ವನ್ನು ಸುಮಾರು ಏಳು ದಿನ ಬೇಯಿಸುವ ಪದ್ಧತಿ.

ಈ ಗೆಡ್ಡೆ ನಮಗೆ ಅಪರಿಚಿತವಲ್ಲ. ಸಂಡಿಗೆ, ಪಾಯಸಗಳಿಗೆ ಬಳಸುವ ಸಬ್ಬಕ್ಕಿ ತಯಾರಾಗುವುದು ಮರಗೆಣಸಿನ ಪಿಷ್ಟದಿಂದಲೇ. ತಮಿಳುನಾಡಿನ ಸೇಲಂ ಸುತ್ತಮುತ್ತ ಇದರ ಕಾರ್ಖಾನೆಗಳಿವೆ. ಪಿಷ್ಟವನ್ನು ನೀರಿನಲ್ಲಿ ತೊಳೆದು ತೆಗೆಯುವುದರಿಂದ ವಿಷ ನೀರಿನೊಂದಿಗೆ ಹೋಗಿರುತ್ತದೆ. ನಾವು ಬೇಯಿಸಿ ತಿನ್ನುವ ಸಿಹಿ ತಳಿಯಲ್ಲಿ ವಿಷದ ಅಂಶ ಕಡಿಮೆ. ಆದರೂ ಸಿಪ್ಪೆ ಪೂರ್ತಿ ತೆಗೆದು, ಬೇಯಿಸಿದ ನೀರು ಚೆಲ್ಲುವ ರೂಢಿಯನ್ನು ಬಿಡಬಾರದು.

ಬಿಟ್ಟರೆ ಏನಾಗುತ್ತದೆ? ಆಫ್ರಿಕಾದ ಮೊಜಾಂಬಿಕ್‌ನಲ್ಲಿ 1981ರಲ್ಲಿ ಬರ ಬಂತು. ಬೇರೆ ಬೆಳೆ ಒಣಗಿ ಕಹಿ ಮರಗೆಣಸೊಂದೇ ಉಳಿಯಿತು. ವಾರಗಟ್ಟಲೆ ಒಣಗಿಸಿ ತಿನ್ನುತ್ತಿದ್ದ ಜನ ಹಸಿವು ತಾಳಲಾರದೆ ಬೇಗ ಬೇಗ ತಿಂದರು. ಸಾವಿರಕ್ಕೂ ಹೆಚ್ಚು ಮಂದಿಯ ಕಾಲುಗಳು ಸ್ವಾಧೀನ ತಪ್ಪಿದವು. ಹೆಚ್ಚಿನವರು ಮಕ್ಕಳು ಮತ್ತು ಹೆಂಗಸರು. 'ಕೊಂಜೊ' ಎಂಬ ಈ ರೋಗ ಬಂದರೆ ವಾಸಿಯಾಗದು. ದೇಹ ಸಯನೈಡನ್ನು ನಿರ್ವಿಷಗೊಳಿಸಲು ಗಂಧಕವಿರುವ ಅಮೈನೊ ಆಮ್ಲಗಳು ಬೇಕು. ಬರಗಾಲದ ಊಟದಲ್ಲಿ ಅಷ್ಟು ಪ್ರೊಟೀನು ಎಲ್ಲಿಂದ ಬರಬೇಕು? ಮುಂದೆ ಆಸ್ಟ್ರೇಲಿಯದ ವಿಜ್ಞಾನಿ ಹೋವರ್ಡ್ ಬ್ರಾಡ್ಬರಿ ಒಂದು ಸುಲಭ ಮಾರ್ಗ ಕಂಡುಕೊಂಡರು. ಮರಗೆಣಸಿನ ಹಿಟ್ಟನ್ನು ನೀರಿನಲ್ಲಿ ಕಲಸಿ, ತೆಳ್ಳಗೆ ಹರಡಿ, ಬಿಸಿಲಲ್ಲಿ ಎರಡು ಗಂಟೆ ಅಥವಾ ನೆರಳಲ್ಲಿ ಐದು ಗಂಟೆ ಬಿಟ್ಟರೆ ವಿಷದ ಹೆಚ್ಚಿನ ಭಾಗ ಹಾರಿಹೋಗುತ್ತದೆ. ಖರ್ಚು ಏನೂ ಇಲ್ಲ.

ಹಾಗಾದರೆ ಹಿರಿಯರ ಪದ್ಧತಿ ಎಲ್ಲವೂ ಸರಿಯೇ? ಅದಕ್ಕೆ ಉತ್ತರ ಎರಡನೆಯ ದಿನ 'ವೆರ್-ಒ-ಪೆಜೊ' ಮಾರುಕಟ್ಟೆಯಲ್ಲಿದೆ. 'ತೂಕ ನೋಡು' ಎಂದು ಹೆಸರಿನ ಅರ್ಥ. ಹಿಂದೆ ಇಲ್ಲಿ ಸರಕು ತೂಗಿ ಸುಂಕ ಹಾಕುತ್ತಿದ್ದರು. ಬೆಳಕು ಹರಿಯುವ ಮೊದಲೇ ದೋಣಿಗಳಲ್ಲಿ 'ಅಸಾಯಿ' ಎಂಬ ತಾಳೆ ಜಾತಿಯ ನೇರಳೆ ಹಣ್ಣು ಬುಟ್ಟಿಬುಟ್ಟಿಯಾಗಿ ಬಂದಿಳಿಯುತ್ತದೆ. ಇಲ್ಲಿಯವರು ಅದರ ತಿರುಳನ್ನು ಸಕ್ಕರೆ ಹಾಕದೆ, ಕರಿದ ಮೀನು ಮತ್ತು ಮರಗೆಣಸಿನ ಹಿಟ್ಟಿನೊಡನೆ ಉಣ್ಣುತ್ತಾರೆ. ಸಾವೊಪೌಲೊದ ದಂಪತಿಗೆ ಅದು ಸಿಹಿತಿಂಡಿಯೆಂದೇ ಗೊತ್ತಿದ್ದದ್ದು!

ಹಣ್ಣಿನ ಜೊತೆ ರಕ್ತ ಹೀರುವ ಒಂದು ಜಾತಿಯ ತಿಗಣೆ ಅರೆದುಹೋದರೆ ಷಾಗಸ್ ರೋಗ ಬರಬಹುದು. ಬ್ರೆಜಿಲ್‌ನ ವೈದ್ಯ ಕಾರ್ಲೊಸ್ ಷಾಗಸ್ 1909ರಲ್ಲಿ ಕಂಡುಹಿಡಿದ ರೋಗವಿದು. ಹೃದಯಕ್ಕೆ ಹಾನಿ ಮಾಡಬಲ್ಲದು. ಇದನ್ನು ತಡೆಯಲು ಹಳೆಯ ಪದ್ಧತಿಯಲ್ಲಿ ದಾರಿ ಇರಲಿಲ್ಲ. ಆದ್ದರಿಂದ ಹಣ್ಣನ್ನು ಅರೆಯುವ ಮೊದಲು 80 ಡಿಗ್ರಿ ಬಿಸಿನೀರಿನಲ್ಲಿ 10 ಸೆಕೆಂಡು ಅದ್ದಬೇಕೆಂಬ ನಿಯಮ ಬಂತು. ಮೂರನೆಯ ದಿನ ವಿಮಾನ ಹತ್ತುವ ಮೊದಲು ಅಸಾಯಿ ಕೊಳ್ಳುವಾಗ, ಹೆಂಡತಿ ಅಂಗಡಿಯವನ ಬಿಸಿನೀರಿನ ಪಾತ್ರೆ ಎಲ್ಲಿದೆಯೆಂದು ನೋಡಿಯೇ ದುಡ್ಡು ತೆಗೆಯುತ್ತಾಳೆ.

ವಿದ್ಯಾರ್ಥಿಗಳೇ, ಮನೆಯಲ್ಲಿ ಅಜ್ಜಿ 'ಇದನ್ನು ಹೀಗೇ ಮಾಡಬೇಕು' ಎಂದಾಗ ಏಕೆಂದು ಕೇಳಿ. ಅಜ್ಜಿಗೂ ಕಾರಣ ಗೊತ್ತಿರದಿದ್ದರೆ ಪುಸ್ತಕದಲ್ಲಿ ಹುಡುಕಿ, ಮೇಷ್ಟರನ್ನು ಕೇಳಿ. ಆದರೆ ಕಾರಣ ತಿಳಿಯುವವರೆಗೆ ಆ ಕ್ರಮವನ್ನು ಬಿಡಬೇಡಿ. ತಂದೆತಾಯಿಯರೂ ಅಷ್ಟೇ: ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ 'ಸುಮ್ಮನೆ ಉಣ್ಣು' ಎಂದು ಗದರಬೇಡಿ.